ಕುಡದ ಕೆಳಗಿನ ಸದ್ದು

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದ ಮಾತು, ಯಾವುದನ್ನೂ ನಂಬಿದವನಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಒಂದು ಯಂತ್ರ ಮಾಡಬಾರದ್ದನ್ನು ಮಾಡಿತು, ಅದನ್ನು ನನ್ನ ಜೊತೆ ಇನ್ನೂ ಮೂವರು ಕೇಳಿದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದ ನಿಮಗೆ ಕಾರಣ ಹೊಳೆದರೆ ಒಳ್ಳೆಯದೇ ಆಯಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಆಲಮಟ್ಟಿಯಲ್ಲಿ ಕಾಲುವೆ ಸರ್ವೆಯ ಕೆಲಸದಲ್ಲಿದ್ದೆ. ಹೊಲಗಳಲ್ಲಿ ಮುಚ್ಚಿಹೋದ ಕಬ್ಬಿಣದ ಗುರುತಿನ ಗೂಟಗಳನ್ನು ಹುಡುಕಲು ನಮಗೊಂದು ವಿದೇಶಿ ಲೋಹಶೋಧಕ ಕೊಟ್ಟಿದ್ದರು. ಉದ್ದನೆಯ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಸುರುಳಿ, ಹಿಡಿಕೆಯ ಹತ್ತಿರ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲಿದ್ದ ನಾಬನ್ನು ಎಡಕ್ಕೆ ಪೂರ್ತಿ ತಿರುಗಿಸಿದರೆ ಎಲ್ಲ ಲೋಹಕ್ಕೂ ಕೂಗುತ್ತಿತ್ತು. ಬಲಕ್ಕೆ ತಿರುಗಿಸಿದಷ್ಟೂ ಕಬ್ಬಿಣ, ಮೊಳೆ, ತಗಡಿನ ಚೂರುಗಳಿಗೆ ಕಿವುಡಾಗುತ್ತಿತ್ತು. ತಾಮ್ರ, ಬೆಳ್ಳಿ, ದಪ್ಪ ಬಂಗಾರಕ್ಕೆ ಮಾತ್ರ ಕೂಗುತ್ತಿತ್ತು. ನಮಗೆ ಬೇಕಾದದ್ದೇ ಕಬ್ಬಿಣ, ಹೀಗಾಗಿ ನಾಬು ಯಾವಾಗಲೂ ಎಡಕ್ಕೇ ಇರುತ್ತಿತ್ತು.

ನಮ್ಮ ತಂಡದಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದ ಬಸಪ್ಪ ಗೊಳಸಂಗಿ ಕಡೆಯವನು. ಒಂದು ದಿನ ಊಟದ ಹೊತ್ತಿಗೆ ಬಂದು ನಿಂತ. ಅವನ ತಾಯಿಗೆ ಲಕ್ವ ಹೊಡೆದು ಮಾತು ನಿಂತು ತಿಂಗಳಾಗಿತ್ತು. ಆಮೇಲೆ ನೋಡಿದರೆ ಆಕೆಯ ಪೆಟ್ಟಿಗೆಯಲ್ಲಿ ಬಂಗಾರದ ಬೋರಮಾಳ ಸರವೂ ಇಲ್ಲ, ಪಾಟ್ಲಿ ಬಳೆಗಳೂ ಇಲ್ಲ. ಸುಗ್ಗಿಯ ದಿನಗಳಲ್ಲಿ ಮನೆಯಲ್ಲಿ ಅತ್ತೆಯ ಜೊತೆ ಇದ್ದವಳು ಬಸಪ್ಪನ ಹೆಂಡತಿ ನೀಲವ್ವ ಒಬ್ಬಳೇ. ಎಲ್ಲರ ಬೆರಳೂ ಅವಳ ಕಡೆಗೇ. ಅತ್ತೆ ಕೊಟ್ಟಿಗೆಯಲ್ಲಿ ನೆಲ ಅಗೆಯುವ ಸದ್ದು ಒಂದು ಮಧ್ಯಾಹ್ನ ತನಗೆ ಕೇಳಿತ್ತು, ಅಲ್ಲೇ ಹೂತಿರಬೇಕು ಎಂದು ಅವಳು ಹೇಳಿದರೆ ನಂಬುವವರಿರಲಿಲ್ಲ.

"ಸಾಹೇಬ್ರ, ಐತವಾರ ಮಷೀನ ತಗೊಂಡ ಬರ್ರಿ. ಅದು ಐತಿ ಅಂದ್ರ ಐತಿ, ಇಲ್ಲ ಅಂದ್ರ ಇಲ್ಲ. ಇಲ್ಲ ಅಂತಾದ್ರ ಆಕಿನ್ನ ತವರಮನಿಗೆ ಕಳಸಾವನ" ಎಂದ ಬಸಪ್ಪ.

ಭಾನುವಾರ ಹತ್ತು ಗಂಟೆಗೆ ಹೋದೆ. ಮುದುಕಿ ಪಡಸಾಲೆಯ ಹೊರಸಿನ ಮೇಲೆ ಸೂರು ನೋಡುತ್ತ ಮಲಗಿದ್ದಳು. ಸಿಂದಗಿಯಿಂದ ನೀಲವ್ವನ ಅಣ್ಣ ಬಂದು ಕೂತಿದ್ದ. ಅವಳ ಟ್ರಂಕು ಆಗಲೇ ಕಟ್ಟೆಯ ಮೇಲಿತ್ತು. ಅದನ್ನು ನೋಡಿ ನನಗೆ ಕಸಿವಿಸಿಯಾಯಿತು.

ಕೊಟ್ಟಿಗೆಯ ನೆಲದ ತುಂಬ ಎತ್ತಿನ ಲಾಳ, ಲಾಳದ ಮೊಳೆ. ನಾಬು ಎಡಕ್ಕಿದ್ದರೆ ಯಂತ್ರ ಹೆಜ್ಜೆಗೊಮ್ಮೆ ಅರಚುತ್ತಿತ್ತು. ನಾನು ಬಲ್ಲವನ ಗತ್ತಿನಲ್ಲಿ ಅದನ್ನು ಬಲಕ್ಕೆ ಪೂರ್ತಿ ತಿರುಗಿಸಿದೆ. ನನ್ನ ದಪ್ಪ ಬಂಗಾರದ ಉಂಗುರ ತೆಗೆದು ನೆಲದ ಮೇಲಿಟ್ಟೆ, ಕೂಗಿತು. ಉಂಗುರ ಎತ್ತಿಕೊಂಡು ಅದರ ಬದಲು ಒಂದು ಲಾಳ ಇಟ್ಟೆ, ಸುಮ್ಮನಿತ್ತು. ಸುತ್ತ ನಿಂತವರು ತಲೆದೂಗಿದರು. ಎಲ್ಲರ ಮೈಮೇಲಿನ ಲೋಹವನ್ನು ತೆಗೆಸಿದೆ. ನೀಲವ್ವ ಕಾಲುಂಗುರವನ್ನೂ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟಳು. ಇಡೀ ಕೊಟ್ಟಿಗೆಯನ್ನು ಮೂರು ಸಲ ಹುಡುಕಿದೆ. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ.

"ಇಲ್ಲಿ ಬಂಗಾರ ಇಲ್ಲ" ಎಂದೆ.

ಅಣ್ಣ ಎದ್ದು ಟ್ರಂಕಿಗೆ ಕೈ ಹಾಕಿದ. ಬಸಪ್ಪ ಗೋಡೆ ನೋಡುತ್ತ ನಿಂತ. ನೀಲವ್ವ ಮೇವು ಹಾಕುವ ಗೋದಲಿಯ ಹತ್ತಿರ ಹೋಗಿ ನಿಂತು, "ಇಲ್ಲೊಮ್ಮೆ ನೋಡ್ರಿ ಸಾಹೇಬ್ರ, ಆಮ್ಯಾಲ ನಾನಾ ಹೋಗ್ತೇನಿ" ಎಂದಳು. ಆ ಜಾಗವನ್ನೂ ಆಗಲೇ ನೋಡಿಯಾಗಿತ್ತು. ಅವಳ ಸಮಾಧಾನಕ್ಕೆಂದು, ನಿಜ ಹೇಳಬೇಕೆಂದರೆ ತುಸು ಬೇಸರದಿಂದಲೇ, ಸುರುಳಿಯನ್ನು ಅವಳ ಪಾದದ ಮುಂದೆ ಇಳಿಸಿದೆ.

ಕೂಗಿತು. ಉಂಗುರಕ್ಕೆ ಬಂದಂಥ ಚಿಕ್ಕ ಸದ್ದಲ್ಲ, ಏರಿಳಿತವಿಲ್ಲದ ಒಂದೇ ಉದ್ದನೆಯ ಸ್ವರ. ನಾನು ಗಾಬರಿಯಾಗಿ ಎತ್ತುವವರೆಗೂ ನಿಲ್ಲಲಿಲ್ಲ. ನಾಬನ್ನು ನೋಡಿದೆ, ಬಲತುದಿಯಲ್ಲೇ ಇತ್ತು. ಮತ್ತೆ ಅಲ್ಲೇ ಇಳಿಸಿದೆ. ಮೌನ. ಹತ್ತು ಸಲ ಆಡಿಸಿದೆ. ಮೌನವೇ.

ಯಂತ್ರ ಕೆಟ್ಟಿರಬೇಕು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಸಪ್ಪ ಹಾರೆ ಹಾಕಿಬಿಟ್ಟಿದ್ದ. ಮೊಣಕೈ ಆಳಕ್ಕೆ ಕುಂಟೆಗೆ ಹಾಕುವ ಅಗಲವಾದ ಕಬ್ಬಿಣದ ಅಲಗು ಸಿಕ್ಕಿತು. ನಮ್ಮ ಕಡೆ ಅದಕ್ಕೆ ಕುಡ ಎನ್ನುತ್ತಾರೆ. ಅದನ್ನು ಎತ್ತಿದರೆ ಕೆಳಗೆ ತಾಮ್ರದ ತಂಬಿಗೆ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಬೋರಮಾಳ ಮತ್ತು ಪಾಟ್ಲಿಗಳು.

"ಹೂಳಿದ ಬಂಗಾರ ನೆಲದಾಗ ತಾನಾ ಜರಗಿ ಹೋಗಬಾರ್ದಂತ ಮ್ಯಾಲ ಕಬ್ಣ ಇಡ್ತಾರಲ್ರಿ" ಎಂದ ಬಸಪ್ಪ, ಇದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀವ ಕೇಳಲಿಲ್ಲಲ್ರಿ" ಎಂದ. ಮೇಲಿನ ಕಬ್ಬಿಣಕ್ಕೆ ಕಿವುಡು ಮಾಡಿಟ್ಟ ಯಂತ್ರಕ್ಕೆ ಕೆಳಗಿನ ಬಂಗಾರವೂ ಕೇಳಿಸದು ಎಂದು ಅವನಿಗೆ ಹೊಳೆಯುವಂತಿರಲಿಲ್ಲ. ನನಗೆ ಹೊಳೆಯಬೇಕಿತ್ತು. ಬಂಗಾರವನ್ನೂ ಕಬ್ಬಿಣವನ್ನೂ ಬೇರೆ ಬೇರೆ ಇಟ್ಟು ಪರೀಕ್ಷಿಸಿದ್ದೆ, ಒಂದರ ಮೇಲೊಂದು ಇಟ್ಟು ನೋಡಿರಲಿಲ್ಲ.

ಅಂದೇ, ಎಲ್ಲರ ಎದುರು, ತಂಬಿಗೆಯನ್ನು ಒಡವೆ ಸಮೇತ ಅದೇ ಗುಂಡಿಯಲ್ಲಿಟ್ಟು ಮೇಲೆ ಕುಡ ಮುಚ್ಚಿ ಮಣ್ಣು ಎಳೆದೆ. ನಾಬು ಬಲಕ್ಕೆ. ಸದ್ದಿಲ್ಲ. ನೀಲವ್ವನನ್ನು ಅದೇ ಜಾಗದಲ್ಲಿ ನಿಲ್ಲಿಸಿದೆ, ಸದ್ದಿಲ್ಲ. ಕುಡ ತೆಗೆದರೆ ಮಾತ್ರ ಕೂಗುತ್ತಿತ್ತು. ಆಮೇಲೆ ಆಫೀಸಿನಲ್ಲಿ ತಿಂಗಳುಗಟ್ಟಲೆ ತಾಮ್ರದ ಪಾತ್ರೆ, ಹಳೆಯ ಕುಡ ಇಟ್ಟುಕೊಂಡು ಒದ್ದಾಡಿದೆ. ಬ್ಯಾಟರಿ ಬದಲಿಸಿದೆ, ಒದ್ದೆ ಮಣ್ಣು, ಒಣ ಮಣ್ಣು ನೋಡಿದೆ. ಕಬ್ಬಿಣದ ಕೆಳಗಿನ ತಾಮ್ರಕ್ಕೂ ಬಂಗಾರಕ್ಕೂ ಆ ಯಂತ್ರ ಒಂದು ಸಲವೂ ಕೂಗಲಿಲ್ಲ. ಒಳಗಿನ ತಂತಿ ಸಡಿಲವಾಗಿ ಕೂಗಿತು ಎಂದುಕೊಳ್ಳೋಣವೆಂದರೆ, ಅಷ್ಟು ದೊಡ್ಡ ಕೊಟ್ಟಿಗೆಯಲ್ಲಿ ಅದೇ ಒಂದು ಮೊಳ ಜಾಗದಲ್ಲಿ ಯಾಕೆ ಕೂಗಬೇಕು? ಊರವರು ಮುದುಕಿಯ ಜೀವವೇ ಕೊಟ್ಟಿಗೆಗೆ ಬಂದು ಕೂಗಿಸಿತು ಎಂದರು. ಪಡಸಾಲೆಯಲ್ಲಿ ಆಕೆ ಮೊದಲಿನಂತೆಯೇ ಸೂರು ನೋಡುತ್ತ ಮಲಗಿದ್ದಳು. ನಾನು ಆ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ.

ಆ ಭಾನುವಾರ ಅಣ್ಣ ಒಬ್ಬನೇ ಸಿಂದಗಿಯ ಬಸ್ಸು ಹತ್ತಿದ. ನಾನು ಹೊರಟಾಗ ನೀಲವ್ವ ಚಹಾ ತಂದುಕೊಟ್ಟು ಕೇಳಿದಳು: "ಸಾಹೇಬ್ರ, ಅದು ಒದರದಿದ್ರ ನೀವು ಇಲ್ಲ ಅಂದದ್ದಾ ಖರೇ ಆಗ್ತಿತ್ತಲ್ರಿ?"

"ಹೌದ ತಂಗಿ, ಆಗ್ತಿತ್ತು" ಎಂದೆ.

ಆ ಸದ್ದು ಹೇಗೆ ಬಂತು ಎಂಬುದು ಇಷ್ಟು ವರ್ಷಗಳಾದರೂ ನನಗೆ ಗೊತ್ತಿಲ್ಲ. ಅದಕ್ಕೂ ಮುಂಚಿನ ಮೂರು ಸಲದ ಮೌನ ಮಾತ್ರ ನನ್ನ ಕೈಯಾರೆ ಆದದ್ದು.