ಪುಟ್ಟಮ್ಮಜ್ಜಿಯ ಕತ್ತಿ

ಕಬ್ಬಿಣಕ್ಕೂ ಜೀವವಿದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸುವವನು ನಾನು. ಹಳೆಯ ಆಯುಧಗಳ ಉಕ್ಕೆಂದರೆ ಹುಚ್ಚು. ಈಗ ನಗುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ.

ಏಳೆಂಟು ವರ್ಷಗಳ ಹಿಂದೆ, ಮಲಯಾಳ ನಾಡಿನ ಗಡಿಯೂರು ಪೆರಿಕಲ್ಲೂರಿನಲ್ಲಿ ಕಬಿನಿ ದಂಡೆಯ ಒಂದು ಕನ್ನಡದ ಮನೆಯಲ್ಲಿ ತಲೆಮಾರುಗಳ ಹಿಂದಿನ ಕತ್ತಿಯಿದೆಯೆಂದು ತಿಳಿದು ಹೋಗಿದ್ದೆ. ಮನೆಯ ಹಿರಿಯರಾದ ಪುಟ್ಟಮ್ಮಜ್ಜಿ ಅದನ್ನು ದೇವರ ಕೋಣೆಯಿಂದ ತಂದು ಅಲಗಿಗೆ ಉಗುರಿನಿಂದ ತಟ್ಟಿದರು. ಗಂಟೆಯಂತೆ ಉದ್ದಕ್ಕೆ ನುಡಿಯಿತು. ಮದುವೆಯಾಗಿ ಬಂದಂದಿನಿಂದ ಆ ದನಿ ಕೇಳದೆ ಅವರು ಒಲೆ ಹಚ್ಚಿದವರಲ್ಲವಂತೆ.

ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಹಳೆಗಾಲದ ಉಕ್ಕೇ ಇರಬೇಕೆನಿಸಿತು. ಪರೀಕ್ಷೆಗೆಂದು ಒಂದು ತಿಂಗಳ ಮಟ್ಟಿಗೆ ಕೇಳಿದೆ.

"ಕೊಂಡೋಗು ಮೋನೆ. ಕುಯ್ಯಬೇಡ, ಅಷ್ಟೇ."

ಮಗನೇ ಎಂದು ಮಲಯಾಳದಲ್ಲಿ ಕರೆದಿದ್ದರು. ಆಗಲೆಂದು ತಲೆಯಾಡಿಸಿದೆ.

ಕುಯ್ದೆ. ಹಿಡಿಯೊಳಗೆ ಅಡಗಿದ್ದ ತುದಿಯಿಂದ, ಭತ್ತದ ಕಾಳಿನಷ್ಟು. ಅರಗು ತುಂಬಿ ಹಿಡಿಯನ್ನು ಮೊದಲಿನಂತೆ ಕೂರಿಸಿದೆ. ತಟ್ಟಿ ನೋಡಿದೆ, ದನಿಯೇನೂ ಬದಲಾಗಿರಲಿಲ್ಲ.

ತಿರುಗಿ ಕೊಟ್ಟ ದಿನ ಅಜ್ಜಿ ಜಗಲಿಯಲ್ಲಿ ಕುಳಿತು ತಟ್ಟಿದರು. ಒಡಕು ಮಡಕೆಯಂತೆ 'ಟಪ್' ಎಂದಿತು. ಮಗಳು ಶಾರದಕ್ಕ ತಟ್ಟಿದರು. ಅದೇ.

"ಕುಯ್ದ್ಯಾ ಮೋನೆ?"

"ಇಲ್ಲಜ್ಜಿ."

ಕತ್ತಿಯನ್ನು ನನ್ನ ಕೈಗಿತ್ತರು. ನಾನು ತಟ್ಟಿದರೆ ಜಗಲಿ ತುಂಬ ನುಡಿಯಿತು! ಹಿಡಿತ ಬದಲಾದರೆ ದನಿ ಬದಲಾಗುವುದುಂಟು. ಹಾಗಾಗಿ ಹೇಗೆ ಹಿಡಿಯಬೇಕು, ಎಲ್ಲಿ ತಟ್ಟಬೇಕು ಎಂದು ತೋರಿಸಿಕೊಟ್ಟೆ. ಅವರ ಕೈಗೆ ನುಡಿಯಲೇ ಇಲ್ಲ.

ಅಜ್ಜಿಯ ಕಣ್ಣು ತುಂಬಿತು. "ತೆಟ್ಟು ನಂದೇ, ತಪ್ಪು ನಂದೇ. ಮನೆ ದಾಟಿಸ್ಬಾರ್ದಿತ್ತು, ನನ್ ಮೇಲೆ ಮುನಿಸ್ಕೊಂಡದೆ. ಈಗ ನಿನ್ನ ಮಾತೇ ಕೇಳ್ತದೆ. ನೀನೇ ಇಟ್ಕೋ."

ನಿಜ ಹೇಳಲು ಬಾಯಿ ತೆರೆದೆ. ಶಾರದಕ್ಕ ಚಹಾ ತಂದರು. ಕುಡಿದು, ಕತ್ತಿ ಹಿಡಿದು ಹೊರಟುಬಂದೆ.

ಆ ಮಳೆಗಾಲದಲ್ಲೇ ಅಜ್ಜಿ ತೀರಿಕೊಂಡರು. ಕೊನೆಯವರೆಗೂ ದಿನಾ ದೇವರ ಮುಂದೆ ತಪ್ಪುಕಾಣಿಕೆ ಇಡುತ್ತಿದ್ದರೆಂದು ಶಾರದಕ್ಕ ಫೋನಿನಲ್ಲಿ ಹೇಳಿದರು.

ಲೋಹ ಬಲ್ಲ ಇಬ್ಬರು ಗೆಳೆಯರಿಗೆ ಕತ್ತಿಯನ್ನು ತೋರಿಸಿದ್ದೇನೆ. ಬಿರುಕಿಲ್ಲ, ಹಿಡಿ ಸಡಿಲವಿಲ್ಲ. ಆದರೂ ಅವರ ಕೈಯಲ್ಲಿ ಮೂಕ, ನನ್ನ ಕೈಯಲ್ಲಿ ಮಾತ್ರ ನುಡಿಯುತ್ತದೆ. ಕಾರಣ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿದಿಲ್ಲ.

ಹಿಂದಿರುಗಿಸಲೆಂದು ಎರಡು ಸಲ ಪೆರಿಕಲ್ಲೂರಿಗೆ ಹೋದೆ. "ಅಮ್ಮ ಮನಸಾರೆ ಕೊಟ್ಟದ್ದಲ್ವಾ" ಎಂದು ಶಾರದಕ್ಕ ಎರಡು ಸಲವೂ ಕೈಮುಗಿದರು. ಕುಯ್ದಿದ್ದೆ ಎಂದು ಆಗಲೂ ನಾನು ಹೇಳಲಿಲ್ಲ.