ಶುಕ್ರವಾರ ಕಟ್ಟದ ಫೀ

ದೇಶದ ಹೆಸರು ಹೇಳುವುದಿಲ್ಲ. ಹೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸರಕಾರಿ ಹೈಸ್ಕೂಲಿನ ಕೆಲವು ಶಿಕ್ಷಕರನ್ನು ಆರಿಸಿ ಅಲ್ಲಿಯ ಒಂದು ವಿಶ್ವವಿದ್ಯಾಲಯಕ್ಕೆ ಒಂದು ಸೆಮಿಸ್ಟರ್ ಕಳಿಸುವ ಯೋಜನೆ ಅದು. ಮುಂಜಾನೆ ಅಲ್ಲಿಯವರ ಜೊತೆ ಕೂತು ಪಾಠ ಕೇಳುವುದು, ಮಧ್ಯಾಹ್ನ ಅಲ್ಲಿಯ ಶಾಲೆಗಳಲ್ಲಿ ಪಾಠ ಮಾಡುವುದು. ನಾನು ಶಿರಗುಪ್ಪಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೇಶ್ವಾಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅರ್ಜಿ ಹಾಕಿದಾಗ ನಮ್ಮ ಹೆಡ್‌ಮಾಸ್ತರರು ನಕ್ಕಿದ್ದರು. ಪಟ್ಟಿಯಲ್ಲಿ ಹೆಸರು ಬಂದಾಗ ಅವರೇ ಎಲ್ಲರಿಗೂ ಚಹಾ ತರಿಸಿದರು.

ನನಗೆ ಪರದೇಶ ನೋಡುವ ಹುಚ್ಚೇನೂ ಇರಲಿಲ್ಲ. ಬೆಂಚಿನ ಮೇಲೆ ಕೂರುವ ಹುಚ್ಚಿತ್ತು. ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕ ವರ್ಷವೇ ನನ್ನ ಮದುವೆ ಮಾಡಿದರು. ಮದುವೆಯಾದ ಮೇಲೆ ಓದಬಹುದಲ್ಲ ಎಂದರು. ಎಲ್ಲರ ಮನೆಯಲ್ಲೂ ಹಾಗೇ ಅನ್ನುತ್ತಾರೆ. ಆಮೇಲೆ ಮಕ್ಕಳು, ಬಿ.ಎಡ್., ನೌಕರಿ. ವರ್ಷಾನುಗಟ್ಟಲೆ ಅದೇ ಪಾಠ ಕಲಿಸಿ ಕಲಿಸಿ ನನ್ನೊಳಗೆ ಇದ್ದದ್ದೆಲ್ಲ ತಳ ಹತ್ತಿದೆ ಅನ್ನಿಸುತ್ತಿತ್ತು. ಒಮ್ಮೆಯಾದರೂ ಬೋರ್ಡಿನ ಮೇಲೆ ಬೇರೆ ಯಾರಾದರೂ ಬರೆಯಬೇಕು, ನಾನು ಸುಮ್ಮನೆ ಕೂತು ಬರೆದುಕೊಳ್ಳಬೇಕು. ಅಷ್ಟೇ ಆಸೆ. ಆ ಯೋಜನೆಗೆ ವಯಸ್ಸಿನ ಮಿತಿ ಬೇರೆ ಇತ್ತು. ಮುಂದಿನ ವರ್ಷ ನಾನು ಅದನ್ನು ದಾಟುತ್ತಿದ್ದೆ. ಅಂದರೆ ಇದೇ ಮೊದಲು, ಇದೇ ಕೊನೆ.

ಅತ್ತೆ ಬೇಡವೆನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಧಾರಾವಾಹಿಯ ಅತ್ತೆಯನ್ನು ನೆನೆಸಿಕೊಳ್ಳುತ್ತೀರಿ. ಓಣಿಯ ಮನೆಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಬಂದವರೇ ಅವರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಡಬ್ಬಿ ತುಂಬಿದರು. ಖಡಕ್ ರೊಟ್ಟಿಯ ಕಟ್ಟು ಕಟ್ಟಿದರು.

"ಅಲ್ಲೆ ಏನ್ ತಿಂತಾರೋ ಏನೋ. ನೀ ಮೊದಲ ಒಣಗಿದ ಕಟಗಿ ಆಗಿ. ಮಕ್ಕಳ ಚಿಂತಿ ಮಾಡಬ್ಯಾಡ, ನಾ ಇನ್ನೂ ಸತ್ತಿಲ್ಲ," ಎಂದರು.

ನನ್ನ ತಾಯಿ ಕೂಡ ಇಷ್ಟು ಮಾಡುತ್ತಿರಲಿಲ್ಲ.

ಆದರೆ ಅತ್ತೆಗೆ ಒಂದು ನೇಮ ಇತ್ತು. ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಹೋಗಬಾರದು. ಹೋದರೆ ಲಕ್ಷ್ಮಿಯೇ ಹೊಸ್ತಿಲು ದಾಟಿದ ಹಾಗೆ. ಹಾಲಿನವನು, ಪೇಪರಿನವನು, ಇಸ್ತ್ರಿಯವನು, ಎಲ್ಲರ ಲೆಕ್ಕ ಗುರುವಾರವೇ ಚುಕ್ತಾ ಆಗಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಶುಕ್ರವಾರ ದೀಪ ಹಚ್ಚಿದ ಮೇಲೆ ಪಕ್ಕದ ಮನೆಯವರಿಗೆ ಹೆಪ್ಪಿಗೆಂದು ಒಂದು ಚಮಚ ಮೊಸರು ಕೊಟ್ಟಿದ್ದೆ. ಅದರ ಮಾತು ಮುಂದಿನ ಶುಕ್ರವಾರದವರೆಗೂ ನಡೆಯಿತು. ಆಮೇಲೆ ನಾನೂ ರೂಢಿಗೆ ಬಿದ್ದೆ.

ವೀಸಾಕ್ಕೆಂದು ಒಂದು ಫೀ ನಾನು ಮೊದಲೇ ಕಟ್ಟಿದ್ದೆ. ಸಂದರ್ಶನ ಹೈದರಾಬಾದಿನಲ್ಲಿ, ಮಂಗಳವಾರ ಎಂದು ಗೊತ್ತಾಗಿತ್ತು. ಇದಲ್ಲದೆ ಇನ್ನೊಂದು ಫೀ ಇರುತ್ತದೆ. ಓದಲು ಬರುವ ಪರದೇಶದವರ ಹೆಸರು ದಾಖಲಿಸಿಕೊಳ್ಳಲು ಆ ಸರಕಾರವೇ ತೆಗೆದುಕೊಳ್ಳುವಂಥದ್ದು. ಅದನ್ನು ತಾವೇ ಕಟ್ಟುತ್ತೇವೆ ಎಂದು ಯೋಜನೆಯ ಕಚೇರಿಯವರು ಹೇಳಿದ್ದರು. ಹೇಳಿದವರು ಸಂದರ್ಶನದ ಹಿಂದಿನ ಶುಕ್ರವಾರ ಮಧ್ಯಾಹ್ನ, ನೀವೇ ಕಟ್ಟಿಕೊಳ್ಳಿರಿ ಎಂದು ಸಂದೇಶ ಕಳಿಸಿದರು. ನಾನು ಆಗ ಕ್ಲಾಸಿನಲ್ಲಿದ್ದೆ. ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ, ನನ್ನ ಜೊತೆ ಆಯ್ಕೆಯಾಗಿದ್ದ ಬೆಳಗಾವಿಯ ಶಿಕ್ಷಕಿ ಫೋನ್ ಮಾಡಿದಳು.

"ನೋಡಿದ್ರಿಲ್ಲೋ ಟೀಚರ್? ನಾ ಈಗ ಕಟ್ಟಿದೆ. ನೀವೂ ಇವತ್ತ ಕಟ್ಟಿಬಿಡ್ರಿ. ಅದು ಅವರ ಕಂಪ್ಯೂಟರ್‌ನ್ಯಾಗ ಸೇರಾಕ ಎರಡು ಕೆಲಸದ ದಿನಾ ಬೇಕಂತ. ಶನಿವಾರ ರವಿವಾರ ಅಲ್ಲೆ ಸೂಟಿ."

ನನ್ನ ಸಂಬಳದ ಕಾರ್ಡು ಪರದೇಶದ ಲೆಕ್ಕಕ್ಕೆ ನಡೆಯುತ್ತಿರಲಿಲ್ಲ. ಗಂಡನದು ನಡೆಯುತ್ತಿತ್ತು. ಅವರು ವಿಮೆಯ ಕಚೇರಿಯಲ್ಲಿ ಕೆಲಸ ಮಾಡುವವರು. ಫೋನ್ ಮಾಡಿ ಬೇಗ ಮನೆಗೆ ಬನ್ನಿ ಎಂದೆ. ನಾನು ಹೋಗುವಷ್ಟರಲ್ಲಿ ಅವರು ಲ್ಯಾಪ್‌ಟಾಪ್ ತೆರೆದು, ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಹೊತ್ತು ಮುಳುಗಿತ್ತು. ಅತ್ತೆ ಆಗಷ್ಟೇ ದೀಪ ಹಚ್ಚಿ ದೇವರ ಕೋಣೆಯಿಂದ ಹೊರಬಂದರು.

"ಏನ್ ನಡಿಸೀರಿ ಇಬ್ಬರೂ?"

"ಅಕೀದು ಫೀ ಕಟ್ಟಾಕತ್ತೇನವಾ," ಎಂದರು ನನ್ನ ಗಂಡ.

ಸುಳ್ಳು ಹೇಳಲು ಬಾರದ ಮನುಷ್ಯ ಎಂದು ನಮ್ಮ ಬಳಗದಲ್ಲಿ ಅವರಿಗೆ ದೊಡ್ಡ ಹೆಸರು. ಆ ಹೆಸರಿಗಿಷ್ಟು ಬೆಂಕಿ ಹಚ್ಚ! ಅವತ್ತು ಒಂದೇ ಒಂದು ಸುಳ್ಳು ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

"ಇವತ್ತು? ಶುಕ್ರವಾರ, ದೀಪಾ ಹಚ್ಚಿದ ಮ್ಯಾಲೆ?" ಎಂದರು ಅತ್ತೆ.

"ಅತ್ತಿ, ರೊಕ್ಕ ಮನ್ಯಾಗಿಂದ ಎಲ್ಲಿ ಹೋಗತೈತ್ರಿ? ಬ್ಯಾಂಕಿನ್ಯಾಗಿಂದ ಹೋಗತೈತಿ," ಎಂದೆ.

"ಬ್ಯಾಂಕಿನ್ಯಾಗ ಇಟ್ಟಾವ್ರು ಯಾರು? ಈ ಮನ್ಯಾವ್ರ ಹೌದಿಲ್ಲೋ?"

ಇದಕ್ಕೆ ಏನು ಹೇಳುತ್ತೀರಿ! ನಾನು ದನಿ ಏರಿಸಿದೆ. ಅವರು ಏರಿಸಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಬಂದಿತ್ತು.

"ನೀ ಏಳು ಸಮುದ್ರ ದಾಟಿ ಹೊಂಟೀಯವಾ. ಇಂಥಾದ್ದಕ್ಕ ಶುಕ್ರವಾರ ರೊಕ್ಕ ಬಿಚ್ಚಬಾರ್ದು. ನಾಳಿ ಕಟ್ರಿ. ಅಯ್ಯ, ನಾಳಿ ಅಮಾಸಿ! ರವಿವಾರ ಮುಂಜಾನೆ ಜಳಕಾ ಮಾಡಿ ಕಟ್ರಿ. ನಿನಗ ಛಲೋ ಆಗಲಿ ಅಂತನ ಹೇಳಾಕತ್ತೇನಿ."

ಗಂಡ ಲ್ಯಾಪ್‌ಟಾಪ್ ಮುಚ್ಚಿದರು. ಒಳಕೋಣೆಯಲ್ಲಿ ನಾನು ಗಂಡನ ಜೊತೆ ಜಗಳವಾಡಿದೆ, ಕಣ್ಣೀರು ಹಾಕಿದೆ, ಕೊನೆಗೆ ಕೈ ಮುಗಿದೆ. ಹೊರಗೆ ಎಲ್ಲಾದರೂ ಕೂತು ಕಟ್ಟಿ ಬನ್ನಿ, ಅವರಿಗೆ ಹೇಳುವುದೇ ಬೇಡ ಎಂದೆ.

"ಅವ್ವಗ ಗೊತ್ತಾದ್ರ? ನಾಳೆ ನಿನಗ ಏನಾರ ಹೆಚ್ಚುಕಮ್ಮಿ ಆದ್ರ, ಸಾಯೂತನಕ ಅಂತಾಳ. ಎರಡು ದಿನದಾಗ ಏನ್ ಆಕಾಶ ಕಳಚಿ ಬೀಳತೈತಿ?" ಎಂದರು.

ಬೇರೆಯವರನ್ನೂ ಕೇಳಿ ನೋಡಿದೆ. ನಾನು ಕೇಳಬಹುದಾದವರ ಹತ್ತಿರ ಅಂಥ ಕಾರ್ಡು ಇರಲಿಲ್ಲ, ಇದ್ದವರನ್ನು ಕೇಳುವಷ್ಟು ಸಲಿಗೆ ಇರಲಿಲ್ಲ. ಶನಿವಾರ ಹಾಗೇ ಹೋಯಿತು. ರವಿವಾರ ಮುಂಜಾನೆ ಅತ್ತೆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಈಗ ಕಟ್ರಿ ಎಂದರು. ಕಟ್ಟಿದೆವು. ರಸೀದಿ ಬಂತು. ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಅವತ್ತು ಸಂಜೆಯೇ ನಾನು, ಗಂಡ ಹೈದರಾಬಾದಿನ ಬಸ್ಸು ಹತ್ತಿದೆವು.

ಮಂಗಳವಾರ ಗಾಜಿನ ಆಚೆ ಕೂತಿದ್ದ ಅಧಿಕಾರಿ ಒರಟು ಮನುಷ್ಯನಲ್ಲ. ಏನು ಕಲಿಸುತ್ತೀರಿ ಎಂದು ಕೇಳಿದ. ಹೇಳಿದೆ. ನನ್ನ ಹುಡುಗರು ಶಾಲೆಯ ಅಂಗಳದಲ್ಲಿ ನೆರಳು ಅಳೆದು ಹೊತ್ತು ಹೇಳುವುದನ್ನು ಹೇಳಿದಾಗ ನಕ್ಕ ಕೂಡ. ಆಮೇಲೆ ರಸೀದಿ ನೋಡಿದ, ಕಂಪ್ಯೂಟರು ನೋಡಿದ, ಮತ್ತೆ ರಸೀದಿ ನೋಡಿದ. ಫೀ ಇನ್ನೂ ನಮ್ಮಲ್ಲಿ ಕಾಣುತ್ತಿಲ್ಲ, ಸೇರಿದ ಮೇಲೆ ನಿಮ್ಮ ಕಾಗದ ಮುಂದುವರಿಸುತ್ತೇವೆ ಎಂದು ಹೇಳಿ ಒಂದು ಚೀಟಿ ಕೊಟ್ಟ. ಬೆಳಗಾವಿಯ ಶಿಕ್ಷಕಿ ಪಕ್ಕದ ಸಾಲಿನಲ್ಲೇ ಇದ್ದಳು. ಅವಳಿಗೆ ಆಯಿತು. ನನ್ನ ಮುಖ ನೋಡಿ ಅವಳು ಖುಷಿಪಡಲೂ ಹೆದರಿದಳು, ಪಾಪ.

ಫೀ ಮರುದಿನವೇ ಸೇರಿತು. ಆದರೆ ಬದಿಗಿಟ್ಟ ಕಾಗದ ಮತ್ತೆ ಮೇಲೆ ಬರಲು ಅದರದೇ ಹೊತ್ತು ಬೇಕು. ಅದು ಬರುವಷ್ಟರಲ್ಲಿ ಅಲ್ಲಿ ತರಗತಿಗಳು ಶುರುವಾಗಿದ್ದವು. ತಡವಾಗಿ ಬರುವವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ವಿಶ್ವವಿದ್ಯಾಲಯದವರು ಬಹಳ ವಿನಯದಿಂದ ಬರೆದರು. ಪಾಸ್‌ಪೋರ್ಟು ಹೋದ ಹಾಗೇ ಖಾಲಿಯಾಗಿ ಮನೆಗೆ ಬಂತು.

"ಅವ್ವಗ ಶುಕ್ರವಾರದ್ದು ಹೇಳಬ್ಯಾಡ. ಎದಿ ಒಡಕೋತಾಳ," ಎಂದರು ಗಂಡ.

ನಾನು ಹೇಳಿದೆ. ಯಾಕೆ ಹೇಳಬಾರದು? ನನ್ನ ಎದೆ ಏನು ಕಲ್ಲಿನದೇ? ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರ ಎದುರು ನಿಂತು, ಅವತ್ತೇ ಕಟ್ಟಿದ್ದರೆ ನಾನು ಇವತ್ತು ಅಲ್ಲಿರುತ್ತಿದ್ದೆ ಎಂದೆ. ಅವರ ಕೈ ನಿಂತಿತು. "ಖರೇನ?" ಎಂದು ಮಗನನ್ನು ಕೇಳಿದರು. ಮಗ ತಲೆ ತಗ್ಗಿಸಿದರು. ಅತ್ತೆ ಒಲೆ ಆರಿಸಿ ಹೋಗಿ ಮಲಗಿದರು, ಅವತ್ತು ಊಟ ಮಾಡಲಿಲ್ಲ. ನಾನೂ ಕರೆಯಲಿಲ್ಲ.

ಕೆಲವು ದಿನಗಳ ಮೇಲೆ ಓಣಿಯ ಹೆಂಗಸರು ನಮ್ಮ ಮನೆಗೆ ಬಂದರು. ನಾನು ಚಹಾ ತಂದೆ. ಒಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು, "ಯಾಕ್ರಿ, ನಿಮ್ಮ ಸೊಸಿ ಹೋಗಲೇ ಇಲ್ಲಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಆಕೀನ ಒಲ್ಲೆ ಅಂದ್ಲುರಿ. ಎಲ್ಲಾ ಆಗಿತ್ತು. ಮಕ್ಕಳನ್ನ, ನಿಮ್ಮನ್ನ ಬಿಟ್ಟು ನಾ ಹ್ಯಾಂಗ ಇರ್ಲಿ ಅಂತ ಅತ್ತುಬಿಟ್ಲು."

"ಅವ್ವಯ್ಯ! ಈಗಿನ ಕಾಲದಾಗ ಇಂಥಾ ಸೊಸಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ್ರಿ," ಎಂದರು ಬಂದವರು.

ಅತ್ತೆ ನನ್ನ ಕಡೆ ನೋಡಿದರು. ಅದು ಸೊಕ್ಕಿನ ನೋಟವಲ್ಲ. ಬೇಡುವ ನೋಟ. ನನ್ನ ಮೈಯೆಲ್ಲ ಉರಿಯಿತು. ಆದರೂ ಆ ಮುದುಕಿಯನ್ನು ನಾಲ್ಕು ಜನರ ನಡುವೆ ಬೀಳಿಸಲು ನನ್ನಿಂದಾಗಲಿಲ್ಲ. "ಹೌದ್ರಿ," ಎಂದೆ.

ಸುದ್ದಿಗೆ ಕಾಲು ಬಂತು. ಕೇಶ್ವಾಪುರದಿಂದ ಶಾಲೆಗೂ ಮುಟ್ಟಿತು. ಒಂದು ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಮುಂದೆ ಕರೆದು ನಿಲ್ಲಿಸಿದರು. ಹತ್ತನೆಯ ಇಯತ್ತೆಯ ಹುಡುಗಿಯರ ಕಡೆ ತಿರುಗಿ, "ನೋಡ್ರಿ, ನಿಮ್ಮ ಟೀಚರ್ ಪರದೇಶದ ಓದು ಬ್ಯಾಡ ಅಂದ್ರು, ಮನಿ ಸಲುವಾಗಿ. ದೊಡ್ಡ ಮನಸು ಅಂದ್ರ ಇದು. ನೀವೂ ಹಿಂಗ ಆಗಬೇಕು," ಎಂದರು.

ಹುಡುಗಿಯರು ಚಪ್ಪಾಳೆ ತಟ್ಟಿದರು. ಮುಂದೆ ಓದುತ್ತೇನೆ ಎಂದು ದಿನಾ ನನ್ನ ಹಿಂದೆ ಬೀಳುವವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನು ಅವರ ಎದುರು ನಿಂತೇ ಇದ್ದೆ, ಅದು ಸುಳ್ಳು ಎನ್ನಲಿಲ್ಲ.