ಕುಲ್ಸುಮ್ ಟೀಚರ್ ಮತ್ತು ಮೇಲಿನ ಸ

ಗೋಣಿಬೀಡಿನ ಜೀಪ್ ಮೆಕ್ಯಾನಿಕ್ ಅಹಮದನ ಹೆಂಡತಿ ಕುಲ್ಸುಮ್‌ಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಮೊದಲ ನೌಕರಿ ಸಿಕ್ಕಿತು. ಗುಡ್ಡದ ಮೇಲಿನ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೆ ಮೂರು ದಿನ ಸಂಗೀತ ಹೇಳಿಕೊಡುವ ಅತಿಥಿ ಶಿಕ್ಷಕಿ. ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದು ಮದುವೆಗೆ ಮೊದಲು; ಆ ಸರ್ಟಿಫಿಕೇಟು ಇಪ್ಪತ್ತು ವರ್ಷ ಬೀರುವಿನಲ್ಲಿ ಗಂಡನ ಗ್ಯಾರೇಜಿನ ಕಾಗದಗಳ ಕೆಳಗೆ ಮಲಗಿತ್ತು. ಈ ಕೆಲಸವನ್ನು ಅವಳು ಸುಲಭಕ್ಕೆ ಬಿಟ್ಟುಕೊಡುವವಳಲ್ಲ.

ತೊಂದರೆ ಇದ್ದದ್ದು ಮಕ್ಕಳ ಗಂಟಲಿನಲ್ಲಿ. ಸರಿಗಮ ಹಾಡಿ ಎಂದರೆ ಇಪ್ಪತ್ತಾರು ಮಕ್ಕಳೂ ಗುಟ್ಟು ಹೇಳುವಂತೆ ಪಿಸುಗುಟ್ಟುತ್ತಿದ್ದರು. ಮೇಲಿನ ಸ ಬರುವ ಹೊತ್ತಿಗೆ ಬಾಯಿ ತೆರೆದಿರುತ್ತಿತ್ತು, ದನಿ ಇರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅದೇ ಮಕ್ಕಳು ಮಂಜಿನಲ್ಲಿ ಈ ಗುಡ್ಡದಿಂದ ಆ ಗುಡ್ಡಕ್ಕೆ ‘ಕೂ...’ ಹಾಕಿ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಕುಲ್ಸುಮ್ ನಿಂತು ಕಿವಿಗೊಟ್ಟಳು. ನಾಲ್ಕನೇ ತರಗತಿಯ ಕವನಾಳ ಕೂ ಅಪ್ಪಟ ಮೇಲಿನ ಸ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಮುಂದಿನ ಪಾಠದಿಂದ ಕ್ರಮ ಬದಲಾಯಿತು. ಸ್ವರ ಹತ್ತುತ್ತಾ ಹೋಗಿ, ಮೇಲಿನ ಸ ಬಂದಾಗ ಎಲ್ಲರೂ ಕಿಟಕಿಯ ಕಡೆ ತಿರುಗಿ ಕೂ ಹಾಕಬೇಕು. ಹೆಂಚು ನಡುಗಿತು. ಆಗ ಮಧ್ಯಾಹ್ನ ಮೂರು ಗಂಟೆ.

ಕಿಟಕಿಯಾಚೆ ಪ್ರಸಾದ್ ಗೌಡರ ಕಾಫಿ ತೋಟ. ಅಲ್ಲಿ ಗಿಡಗಳ ಚಿಗುರು ತೆಗೆಯುವ ದಿನಗೂಲಿ ಹೆಂಗಸರಿಗೆ ಕೆಲಸ ಮುಗಿಯುವುದು ನಾಲ್ಕೂವರೆಗೆ, ಮೇಸ್ತ್ರಿ ಜವರಯ್ಯ ಕೂ ಹಾಕಿದಾಗ. ಸೈರನ್ ಇಲ್ಲ, ಗಂಟೆ ಇಲ್ಲ. ಕೂ ಕೇಳಿದರೆ ಬುತ್ತಿ ಡಬ್ಬಿ ಎತ್ತಿಕೊಂಡು ಇಳಿಯುವುದೇ ರೂಢಿ. ಆ ದಿನ ಹದಿನೆಂಟು ಹೆಂಗಸರು ಮೂರು ಗಂಟೆಗೇ ಮಂಜಿನೊಳಗಿಂದ ಸಾಲಾಗಿ ಇಳಿದು ಬಂದರು. ಮುಂದಿನ ಪಾಠದ ದಿನವೂ ಇಳಿದರು. ಮೂರನೆಯ ಸಲಕ್ಕೆ ಗೌಡರು ಜವರಯ್ಯನನ್ನೂ ಹಿರಿಯಾಳು ತಿಮ್ಮಮ್ಮನನ್ನೂ ಜೀಪು ಹತ್ತಿಸಿಕೊಂಡು ಶಾಲೆಗೇ ಬಂದರು.

“ಈ ಸಂಗೀತ ನಿಲ್ಸಿ ಮೇಷ್ಟ್ರೇ. ನನ್ನ ತೋಟದ ಟೈಮು ನಿಮ್ಮ ಮಕ್ಕಳು ಹೇಳೋದಾ?”

ಹೆಡ್‌ಮಾಸ್ಟರ್ ಯೋಗೇಶ್ ಜಗಳವೆಂದರೆ ಮೈಲಿ ದೂರ ನಿಲ್ಲುವವರು. “ನಿಲ್ಸಿಬಿಡೋಣ ಗೌಡ್ರೇ. ಅದೇನು ಪರೀಕ್ಷೆಗೆ ಬರೋದಲ್ಲ,” ಎಂದರು. ಕುಲ್ಸುಮ್ ತರಗತಿಯಿಂದ ಹೊರಬಂದು ಅವರ ಮುಂದೆ ನಿಂತಳು.

ಗೌಡರು ತಿಮ್ಮಮ್ಮನ ಕಡೆ ತಿರುಗಿದರು. “ಅಲ್ಲ ಮಾರಾಯ್ತಿ, ಜವರಯ್ಯನ ಕೂ ಯಾವ್ದು, ಮಕ್ಕಳ ಕೂ ಯಾವ್ದು ಅಂತ ಗೊತ್ತಾಗಲ್ವಾ ನಿಂಗೆ?”

“ಮಂಜು ನೋಡಿ ಗೌಡ್ರೇ, ಕಿವಿಯೊಳಗೂ ತುಂಬ್ಕೊಳ್ಳುತ್ತೆ,” ಎಂದಳು ತಿಮ್ಮಮ್ಮ, ಮುಖದ ಒಂದು ಗೆರೆಯೂ ಅಲುಗದಂತೆ.

“ಸಂಗೀತ ಇರೋ ದಿನ ಮಾತ್ರ ತುಂಬುತ್ತೆ,” ಜವರಯ್ಯ ಗೊಣಗಿದ.

“ನೀವೇ ಹೇಳಿ ಟೀಚರ್,” ಎಂದರು ಗೌಡರು. “ಸಂಗೀತ ಕಲ್ತೋರು. ಎರಡೂ ಒಂದೇ ಥರ ಕೇಳುತ್ತಾ?”

ಇಲ್ಲಿ ಕುಲ್ಸುಮ್ ಸಿಕ್ಕಿಕೊಂಡಳು. ಜವರಯ್ಯನದು ಹಳೇ ಜೀಪು ಏರು ಹತ್ತಿದ ಹಾಗೆ ಎಳೆದೆಳೆದು ಕೊನೆಗೆ ಕುಸಿಯುವ ಕೂ. ಮಕ್ಕಳದು ಅದಕ್ಕಿಂತ ಎಷ್ಟೋ ಮೇಲೆ. ಕಿವಿ ಇದ್ದವರು ಯಾರೂ ಮೋಸಹೋಗುವಂತಿಲ್ಲ. ಬೇರೆ ಎಂದರೆ ಪಾಠ ಉಳಿಯುತ್ತದೆ, ಆದರೆ ಹದಿನೆಂಟು ಹೆಂಗಸರ ಕೂಲಿಗೆ ಕತ್ತರಿ ಬೀಳುತ್ತದೆ. ಒಂದೇ ಎಂದರೆ ಪಾಠವೇ ಹೋಗುತ್ತದೆ. ತಿಮ್ಮಮ್ಮ ಬಹಳ ಆಸಕ್ತಿಯಿಂದ ಸೂರು ನೋಡುತ್ತಿದ್ದಳು.

“ಕೂ ಅಂದ್ರೆ ಕೂನೇ ಗೌಡ್ರೇ,” ಎಂದಳು ಕುಲ್ಸುಮ್. “ಕೇಳಿದ ಮೇಲೆ ಇಳೀದೇ ಇರೋಕಾಗುತ್ತಾ? ತಪ್ಪು ಟೈಮಿಂದು. ನನ್ನ ಪಾಠ ಕೊನೇ ಪೀರಿಯಡ್‌ಗೆ ಹಾಕ್ಸಿ. ಶಾಲೆ ಬಿಡೋದೂ ನಾಲ್ಕೂವರೆಗೇ. ಸರಿಯಾಗಿ ಆ ಹೊತ್ತಿಗೆ ಮೇಲಿನ ಸ ಹಾಡಿಸ್ತೀನಿ. ಆ ಮೂರು ದಿನ ಜವರಯ್ಯನವರ ಗಂಟಲಿಗೂ ರೆಸ್ಟು.”

ಮಾತಿಗೆ ಸಾಕ್ಷಿಯೆಂಬಂತೆ ಜವರಯ್ಯ ತಕ್ಷಣ ಕೆಮ್ಮಿದ. ಗೌಡರು ಮೂವರ ಮುಖವನ್ನೂ ನೋಡಿದರು. ತಮಗೆ ಎಲ್ಲೋ ಟೋಪಿ ಬಿದ್ದಿದೆ ಎಂಬುದು ಗೊತ್ತಾಯಿತು, ಎಲ್ಲಿ ಎಂಬುದು ಗೊತ್ತಾಗಲಿಲ್ಲ.

“ನಾಲ್ಕೂವರೆ ಅಂದ್ರೆ ನಾಲ್ಕೂವರೆ,” ಎಂದು ಜೀಪು ಹತ್ತಿದರು.

ಎರಡು ವಾರ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ತಿಮ್ಮಮ್ಮ ಬಸ್‌ಸ್ಟಾಪಿನಲ್ಲಿ ಕುಲ್ಸುಮ್‌ಳನ್ನು ಅಡ್ಡಗಟ್ಟಿದಳು.

“ಟೀಚರಮ್ಮಾ, ಮಕ್ಕಳು ಚಂದ ಹಾಡ್ತಾವೆ. ಆದ್ರೆ ಆ ಕೆಳಗಿನ ಸರಿಗಮ ಎಲ್ಲ ಅಷ್ಟು ಎಳೀಬೇಕಾ? ಕಾದು ಕಾದು ನಮ್ಮ ಸೊಂಟ ಬಿದ್ದುಹೋಗುತ್ತೆ. ಸೀದಾ ಮೇಲಿನದಕ್ಕೇ ಹೋಗ್ಬಾರ್ದಾ?”

“ಆಗಲ್ಲ ತಿಮ್ಮಮ್ಮ. ಒಂದು ಸ್ವರಾನೂ ಬಿಡೋ ಹಾಗಿಲ್ಲ,” ಎಂದಳು ಕುಲ್ಸುಮ್ ಕಟ್ಟುನಿಟ್ಟಾಗಿ. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. “ಬೇಕಾದ್ರೆ ಎರಡನೇ ಕಾಲದಲ್ಲಿ ಹಾಡಿಸ್ತೀನಿ. ಎರಡು ಪಟ್ಟು ಬೇಗ ಮುಗಿಯುತ್ತೆ.”